ಕಾಗಿಣಾದ ಆಚೆ ದಂಡೆಯ ಮೇಲ್ದನಿ

ನಾನು ಇದ್ದ ಜಾಗವನ್ನು ಮೊದಲು ಸರಿಯಾಗಿ ಹೇಳಿಬಿಡುತ್ತೇನೆ. ನಾನು ಒಂದು ಹರಗೋಲಿನ ಒಳಗೆ, ಅಂಬಿಗನ ಎದುರಿಗೆ ಮೊಣಕಾಲೂರಿ ಕುಳಿತಿದ್ದೆ. ಹರಗೋಲು ಕಾಗಿಣಾ ನದಿಯ ನಡುವೆ ಇತ್ತು. ದೀಪಾವಳಿ ಕಳೆದು ಚಳಿ ಆಗಷ್ಟೇ ಶುರುವಾಗಿದ್ದ ದಿನಗಳು. ಬೆಳಗಾಗಿತ್ತು, ಆದರೆ ಸೂರ್ಯ ಎಲ್ಲಿದ್ದಾನೆಂದು ತಿಳಿಯುತ್ತಿರಲಿಲ್ಲ. ಆಗ ಈ ಸೀಮೆಯೆಲ್ಲ ನಿಜಾಮರ ರಾಜ್ಯ. ರಜಾಕಾರರ ಹೆಸರು ನಮ್ಮ ಹಳ್ಳಿಗಳ ಕಿವಿಗೆ ಇನ್ನೂ ಬಿದ್ದಿರಲಿಲ್ಲ.

ಇಷ್ಟು ಬಿಗಿಯಾಗಿ ಹೇಳಲು ಕಾರಣವಿದೆ. ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆಗಳೇ ಇವು. ನೀನು ಎಲ್ಲಿ ಇದ್ದೆ? ಬೆಳಕು ಎಷ್ಟಿತ್ತು? ಜೊತೆಗೆ ಯಾರಿದ್ದರು? ಹೇಳುವವರು ಅಲ್ಲಿಗೇ ತೊದಲತೊಡಗುತ್ತಿದ್ದರು. ನಾನು ಒಳಗೊಳಗೇ ನಗುತ್ತಿದ್ದೆ. ನಾನು ಬೆಳೆದದ್ದು ಮಂಗಳೂರಿನ ಕಡೆಯ ಒಂದು ಕ್ರೈಸ್ತ ಮನೆಯಲ್ಲಿ. ನನ್ನ ತಂದೆ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಅದ್ಭುತಗಳೆಲ್ಲ ಅಪೊಸ್ತಲರ ಕಾಲಕ್ಕೆ ಮುಗಿದವು, ನಮ್ಮ ಪಾಲಿಗೆ ಉಳಿದಿರುವುದು ಪ್ರಾರ್ಥನೆ ಮತ್ತು ದುಡಿಮೆ ಎಂದು ಅವರು ಹೇಳುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ. ದೇವರನ್ನು ನಂಬುತ್ತಿದ್ದೆ, ವಿಚಿತ್ರಗಳನ್ನು ನಂಬುತ್ತಿರಲಿಲ್ಲ.

ನಾನು ಈ ಕಡೆಗೆ ಬಂದದ್ದು ಮಾಸ್ತರನಾಗಿ. ಆಗ ಮಂಗಳೂರಿನವನಿಗೆ ಇದು ಪರದೇಶವೇ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವಾಗ ಕರೋಡಗಿರಿ ನಾಕೆಯವರು ನನ್ನ ಪೆಟ್ಟಿಗೆ ಬಿಚ್ಚಿಸಿ ಸುಂಕದ ಮಾಲು ಏನಾದರೂ ಉಂಟೇ ಎಂದು ನೋಡಿದರು. ಅಲ್ಲಿಂದ ಮುಂದೆ ನನ್ನ ಜೇಬಿನ ದುಡ್ಡು ನಡೆಯಲಿಲ್ಲ. ನನ್ನ ಪಂಚಾಂಗ ನಡೆಯಲಿಲ್ಲ. ಸರಕಾರಿ ಕಾಗದಗಳಲ್ಲಿ ಬೇರೆಯೇ ವರ್ಷ ಬರೆಯುತ್ತಿದ್ದರು. ಹಲಗೆಗಳ ಮೇಲೆ ಉರ್ದು ಇತ್ತು. ಕನ್ನಡ ಮಾತ್ರ ಜನರ ಬಾಯಲ್ಲಿ ಇತ್ತು, ಅದೂ ನನ್ನ ಕನ್ನಡವಲ್ಲ.

ನಾನು ಸೇರಿದ ಹಳ್ಳಿ ಕಾಗಿಣಾದ ಉತ್ತರಕ್ಕೆ, ಗುಂಡಗುರ್ತಿಯ ದಾರಿಯಲ್ಲಿತ್ತು. ಊರಿನ ಬಸಲಿಂಗಪ್ಪ ಗೌಡರು ತಮ್ಮ ಹಳೆಯ ಕಣಜದ ಕಟ್ಟಡದಲ್ಲಿ ಖಾಸಗಿ ಕನ್ನಡ ಶಾಲೆ ತೆರೆದಿದ್ದರು. ಕಲಿಸಲು ಬೇರೆ ಯಾರೂ ಸಿಗದೆ ಪರಿಚಯದವರ ಮೂಲಕ ನನ್ನನ್ನು ಕರೆಸಿದ್ದರು. ಗೌಡರು ಕೊರಳಲ್ಲಿ ಲಿಂಗ ಕಟ್ಟಿದವರು, ದಿನಾ ವಚನ ಹೇಳುವವರು. ನಾನು ಮೊದಲ ದಿನವೇ ನನ್ನ ಧರ್ಮ ಹೇಳಿಕೊಂಡೆ. ಅವರು, "ನೀವು ಏನರೆ ನಂಬ್ರಿ ಮಾಸ್ತರ್ರ, ಮಗ್ಗಿ ಅಂತೂ ಎಲ್ಲಾರಿಗೂ ಒಂದೇ ಅಲ್ಲೇನ್ರಿ? ಬರ್ರಿ, ಕುಂದ್ರಿ," ಎಂದರು. ಅವರ ತಾಯಿ ಮಾತ್ರ ನನಗೆ ಬೇರೆ ತಂಬಿಗೆ ಇಡಿಸಿದರು. ಅದಕ್ಕೆ ನಾನು ಬೇಸರಪಡಲಿಲ್ಲ ಎಂದರೆ ಸುಳ್ಳಾಗುತ್ತದೆ.

ಇನ್ನು ನನ್ನ ಹಾಡಿನ ಬಗ್ಗೆ ಹೇಳಬೇಕು. ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ.

ನಮ್ಮ ಊರಿನ ದೇವಾಲಯದಲ್ಲಿ, ಎಂದರೆ ಚರ್ಚಿನಲ್ಲಿ, ಕೀರ್ತನೆಗಳನ್ನು ನಾಲ್ಕು ದನಿಗಳಲ್ಲಿ ಹಾಡುತ್ತಾರೆ. ಒಂದೇ ಹಾಡು, ಆದರೆ ಪ್ರತಿ ದನಿಗೂ ಬೇರೆ ಬೇರೆ ದಾರಿ. ಹಾಡಿನ ನಿಜವಾದ ರಾಗ ಹೆಂಗಸರ ಮೇಲ್ದನಿಯಲ್ಲಿರುತ್ತದೆ. ಎಲ್ಲಕ್ಕೂ ಕೆಳಗಿನದು ಗಂಡಸರ ದಪ್ಪ ದನಿ. ಅದು ಗೋಡೆಯ ಅಡಿಗಲ್ಲಿನಂತೆ ಒಂದೆರಡು ಸ್ವರಗಳ ಮೇಲೇ ನಿಂತಿರುತ್ತದೆ. ನನ್ನ ದನಿ ಒಡೆದಂದಿನಿಂದ ನಾನು ನಿಂತದ್ದು ಆ ಕೆಳಗಿನ ಸಾಲಿನಲ್ಲಿ. ರಾಗ ಕೇಳಿದರೆ ನನಗೆ ಗುರುತು ಸಿಗುತ್ತದೆ. ಆದರೆ ಬಾಯಿ ತೆರೆದರೆ ಬರುವುದು ಕೆಳದನಿ ಮಾತ್ರ. ಈಗಲೂ ಅಷ್ಟೆ. ಎಷ್ಟು ಪ್ರಯತ್ನಿಸಿದರೂ ರಾಗ ಹಿಡಿಯಲಾರೆ, ಎರಡನೆಯ ಸ್ವರಕ್ಕೇ ಜಾರಿ ನನ್ನ ಹಳೆಯ ದಾರಿಗೆ ಬೀಳುತ್ತೇನೆ.

ಊರಿನಲ್ಲಿ ನಾನೊಬ್ಬನೇ ಕ್ರೈಸ್ತ. ಭಾನುವಾರ ಬೆಳಿಗ್ಗೆ ಶಾಲೆಯ ಬಾಗಿಲು ಹಾಕಿಕೊಂಡು ನನ್ನ ಸಭೆಯನ್ನು ನಾನೊಬ್ಬನೇ ನಡೆಸುತ್ತಿದ್ದೆ. ಓದುತ್ತಿದ್ದೆ, ಪ್ರಾರ್ಥಿಸುತ್ತಿದ್ದೆ, ನಮ್ಮ ಬೆಳಗಿನ ಕೀರ್ತನೆಯನ್ನು ಹಾಡುತ್ತಿದ್ದೆ. ಅಂದರೆ ಅದರ ಕೆಳದನಿಯನ್ನು ಹಾಡುತ್ತಿದ್ದೆ. ಉಳಿದ ಮೂರು ದನಿಗಳನ್ನು ಮನಸ್ಸಿನಲ್ಲಿ ತುಂಬಿಕೊಳ್ಳುತ್ತಿದ್ದೆ. ಹೊರಗೆ ನಿಂತು ಕೇಳಿದವರಿಗೆ ಅದು ಹೇಗೆ ಕೇಳಿಸುತ್ತಿತ್ತೆಂದು ಅಂಬಿಗರ ಹಣಮಂತನೇ ಒಮ್ಮೆ ಹೇಳಿದ: "ಮಾಸ್ತರ್ರ, ನಿಮ್ಮ ಹಾಡು ಕೇಳಿದ್ರ ಯಾರೋ ಹಗೇವಿನ್ಯಾಗ ಬಿದ್ದು ಒದರಲಿಕತ್ತಂಗ ಆಗ್ತದ್ರಿ. ಹಗ್ಗಾ ಬಿಡಬೇಕು ಅನ್ನಿಸ್ತದ." ಹಗೇವು ಎಂದರೆ ಇಲ್ಲಿ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಊರೆಲ್ಲ ನಕ್ಕಿತು. ನಾನೂ ನಕ್ಕೆ.

ಆದರೆ ಗೌಡರ ಮಗಳು ಮಹಾದೇವಿ ನಗಲಿಲ್ಲ. ಅವಳು ನನ್ನ ಶಾಲೆಯ ಮೇಲಿನ ತರಗತಿಯ ಹುಡುಗಿ, ಯಾವುದನ್ನೂ ಅರ್ಧಕ್ಕೆ ಬಿಡದವಳು. ಅವಳು ಕೇಳಿದಳು: "ಇದು ಅರ್ಧಾ ಹಾಡಲ್ರಿ ಮಾಸ್ತರ್ರ? ಉಳದದ್ದು ಎಲ್ಲದ?"

"ಉಳಿದದ್ದು ನನ್ನ ಊರಿನಲ್ಲಿದೆ," ಎಂದೆ.

"ಮತ್ತ ತರಬೇಕಿತ್ತಲ್ರಿ, ಬರೂಮುಂದ," ಎಂದಳು.

ಈಗ ಆ ದಿನದ ವಿಷಯ. ಖಾಸಗಿ ಶಾಲೆ ನಡೆಸಲು ಸರಕಾರದ ಅನುಮತಿ ಬೇಕಿತ್ತು. ವಿದ್ಯಾಖಾತೆಯ ಅಧಿಕಾರಿಗಳನ್ನು ಇಲ್ಲಿನವರು ತಾಲೀಮಾತಿನ ಸಾಹೇಬರು ಎನ್ನುತ್ತಿದ್ದರು. ಅವರು ಚಿತ್ತಾಪುರಕ್ಕೆ ಬಂದು ಸುತ್ತಿನ ಖಾಸಗಿ ಶಾಲೆಗಳ ಮಕ್ಕಳನ್ನು ಪರೀಕ್ಷಿಸುವವರಿದ್ದರು. ಮಧ್ಯಾಹ್ನದ ಗಾಡಿಗೆ ವಾಡಿಗೆ ಹಿಂದಿರುಗುತ್ತಾರೆ, ಅದರೊಳಗೆ ಹಾಜರಾಗದ ಶಾಲೆಯನ್ನು ಮುಚ್ಚಿಸಲಾಗುವುದು ಎಂದು ಹೇಳಿ ಕಳಿಸಿದ್ದರು.

ಗೌಡರು ಹಿಂದಿನ ಸಂಜೆ ನನ್ನನ್ನು ಕರೆದು ಹೇಳಿದರು: "ಹಾಜರಿಲ್ಲ ಅಂದ್ರ ಸಾಲಿ ಬಂದ್, ಮಾಸ್ತರ್ರ. ಎರಡನೇ ಮಾತಿಲ್ಲ. ಇತ್ತ ನಮ್ಮವ್ವ ಸಾಲಿ ಬಂದಾಗೋದೇ ಕಾಯಲಿಕತ್ತಾಳ. ಮಹಾದೇವಿದು ಮದಿವಿ ಮಾಡಿಬಿಡ್ರಿ ಅಂತಾಳ. ಗಂಡೂ ನೋಡ್ಯಾರ." ಆಮೇಲೆ, "ನನ್ನ ಕೈಯಾಗ ಇದ್ದದ್ದು ಈ ಕಣಜ ಒಂದೇ ನೋಡ್ರಿ, ಅದನ್ನ ಕೊಟ್ಟೀನಿ. ಮುಂದಿಂದು ನಿಮ್ಮದು," ಎಂದರು.

ನಮಗೂ ಚಿತ್ತಾಪುರಕ್ಕೂ ನಡುವೆ ಕಾಗಿಣಾ ನದಿ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದು ದಾಟಬಹುದು. ಆ ವರ್ಷ ಹಿಂಗಾರಿ ಮಳೆ ತಡವಾಗಿ ಸುರಿದು ಹೊಳೆ ದಂಡೆ ಹತ್ತಿ ಹರಿಯುತ್ತಿತ್ತು. ಹರಗೋಲೇ ಗತಿ. ದಾಟುವ ಜಾಗದಿಂದ ಕೆಳಕ್ಕೆ, ತೀರ ದೂರವಲ್ಲ, ಹೊಳೆಯ ತಳದ ಪರಸಿ ಕಲ್ಲು ಮೆಟ್ಟಿಲಿನ ಹಾಗೆ ಒಡೆದು ನಿಂತಿದೆ. ಶಹಾಬಾದಿನ ಗಣಿಗಳಲ್ಲಿ ತೆಗೆಯುವ ಅದೇ ಚಪ್ಪಡಿ ಕಲ್ಲು, ಅಂಚು ಕತ್ತಿಯಂತೆ. ನೀರು ಅಲ್ಲಿ ಸದ್ದು ಮಾಡುತ್ತ ಕೆಳಗೆ ಬೀಳುತ್ತದೆ. ಅದರ ಮೇಲೆ ಹೋದ ಹರಗೋಲಿನ ತೊಗಲು ಉಳಿಯುವುದಿಲ್ಲ, ಒಳಗಿದ್ದವರೂ ಉಳಿಯುವುದಿಲ್ಲ.

ಹೊಳೆಯ ಮೇಲೆ ಮಂಜು ಇಳಿಯುವ ದಿನಗಳಿಗೆ ಅಂಬಿಗರಲ್ಲಿ ಒಂದು ಪದ್ಧತಿ ಇದೆ. ಮನೆಯವರಲ್ಲಿ ಒಬ್ಬರು ಆಚೆ ದಂಡೆಯ ಕಲ್ಲಿನ ಮೇಲೆ ನಿಂತು ಹಿತ್ತಾಳೆಯ ಗಂಗಾಳವನ್ನು ಬಾರಿಸುತ್ತಿರುತ್ತಾರೆ. ಊಟ ಮಾಡುವ ಗಂಗಾಳವೇ. ಹರಗೋಲಿನಲ್ಲಿ ಇರುವವರು ಮಾತಾಡಬಾರದು. ಅಂಬಿಗ ಗಂಗಾಳದ ಸದ್ದಿನ ಕಡೆಗೆ ಹುಟ್ಟು ಹಾಕುತ್ತಾನೆ. ಹಣಮಂತನ ಮನೆಯಲ್ಲಿ ಈ ಕೆಲಸ ಅವನ ಹೆಂಡತಿ ಭೀಮವ್ವನದು. ಆ ವಾರ ಭೀಮವ್ವ ಮಗಳ ಬಾಣಂತನಕ್ಕೆಂದು ಚಿಂಚೋಳಿಗೆ ಹೋಗಿದ್ದಳು.

ನಾವು ಹೊರಟಾಗ ಮಂಜು ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಹಣಮಂತ ದುಡುಕಿದನೆಂದು ಯಾರೂ ತಿಳಿಯಬಾರದು. ಆಚೆ ದಂಡೆಯ ಜಾಲಿಮರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಮಕ್ಕಳು ಬರೆಯುವ ಕಲ್ಲಿನ ಪಾಟಿಗಳನ್ನು ಕಂಬಳಿಯಲ್ಲಿ ಸುತ್ತಿ ನಡುವೆ ಇಟ್ಟುಕೊಂಡು ಕುಳಿತರು. ಮಹಾದೇವಿಯ ಪಕ್ಕದಲ್ಲಿ ಪಿಂಜಾರರ ಖಾಸಿಂ ಇದ್ದ. ಅವನು ಉರ್ದುವನ್ನೂ ಕನ್ನಡವನ್ನೂ ಒಂದೇ ವೇಗದಲ್ಲಿ ಓದುವ ಹುಡುಗ. ಸಾಹೇಬರ ಮುಂದೆ ನನ್ನ ಭರವಸೆಯೆಲ್ಲ ಈ ಇಬ್ಬರ ಮೇಲೆಯೇ. ಖಾಸಿಂ ಹರಗೋಲು ಹತ್ತುತ್ತ, "ಸಾಹೇಬರು ಬಡೀತಾರೇನ್ರಿ?" ಎಂದು ಕೇಳಿದ. ಮಹಾದೇವಿ, "ನಿನಗ ಯಾರು ಬಡೀತಾರೋ, ನೀ ಓದಲಿಕ್ಕೆ ಶುರು ಮಾಡಿದ್ರ ಅವರಿಗೇ ದಮ್ಮು ಹತ್ತತದ," ಎಂದಳು. ಎಲ್ಲರೂ ನಕ್ಕರು. ನಾವು ಹೊರಟದ್ದು ಹೀಗೆ, ನಗುತ್ತ.

ನಡುಹೊಳೆಗೆ ಬಂದಾಗ ಮಂಜು ಬಂತು. ಅದು ಮೇಲಿನಿಂದ ಇಳಿಯಲಿಲ್ಲ, ನೀರಿನಿಂದಲೇ ಎದ್ದಿತು. ಮೊದಲು ಜಾಲಿಮರಗಳು ಹೋದವು, ಆಮೇಲೆ ನಮ್ಮ ಕಡೆಯ ದಂಡೆ ಹೋಯಿತು. ಹಣಮಂತನ ಕೈಯ ಹುಟ್ಟಿನ ತುದಿಯೂ ಕಾಣದಾಯಿತು. ಹರಗೋಲು ದುಂಡಗಿನ ದೋಣಿ. ಒಂದು ಸುತ್ತು ತಿರುಗಿದರೆ ಮುಂದು ಯಾವುದು, ಹಿಂದು ಯಾವುದು ತಿಳಿಯುವುದಿಲ್ಲ. ಅದು ತಿರುಗುತ್ತಿತ್ತು.

ಹಣಮಂತ ಹುಟ್ಟು ನಿಲ್ಲಿಸಿದ. "ಸುಮ್ ಕುಂದರ್ರಿ ಎಲ್ಲಾರೂ," ಎಂದ. ಅವನು ಗಂಗಾಳಕ್ಕೆ ಕಿವಿಗೊಟ್ಟಿದ್ದ. ಅಭ್ಯಾಸಬಲ, ಹೆಂಡತಿ ಅಲ್ಲಿಲ್ಲವೆಂಬುದು ಅವನಿಗೆ ಆ ಕ್ಷಣ ಮರೆತುಹೋಗಿತ್ತು. ನೆನಪಾದಾಗ ಅವನ ಮುಖ ಬದಲಾದದ್ದನ್ನು ನಾನು ನೋಡಿದೆ. ಕಲ್ಲಿನ ಮೆಟ್ಟಿಲಿನಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು. ಆದರೆ ಮಂಜಿನಲ್ಲಿ ಅದು ಎಲ್ಲ ಕಡೆಯಿಂದಲೂ ಬಂದಂತೆ ಕೇಳುತ್ತಿತ್ತು; ಮತ್ತು ದೊಡ್ಡದಾಗುತ್ತಿತ್ತು.

"ಮಾಸ್ತರ್ರ," ಎಂದ ಹಣಮಂತ, ದನಿ ತಗ್ಗಿಸಿ. "ನೀವು ಹಾಡ್ರಿ."

ನನಗೆ ಅರ್ಥವಾಗಲಿಲ್ಲ.

"ನಿಮ್ಮ ಆ ಹಗೇವಿನ ಹಾಡು ಹಾಡ್ರಿ. ನಂದು ಕೀರಲು ದನಿ, ದೂರ ಹೋಗಂಗಿಲ್ಲ. ನಿಮ್ಮದು ದಪ್ಪ ಅದ, ನೀರಿನ ಮ್ಯಾಲ ಹೋಗ್ತದ. ದಂಡೀ ಮ್ಯಾಲ ಯಾರರೆ ದನಕಾಯೋರು ಇದ್ರ ಓ ಅಂತಾರ. ಓ ಅಂದ್ರ ಸಾಕು ನನಗ. ಜಲ್ದಿ ಹಾಡ್ರಿ, ನಿಮ್ಮ ದೇವರ ಆಣಿ!"

ನಾನು ಹಾಡಿದೆ. ಹಾಡು ಯಾವುದೆಂದು ಆರಿಸಲಿಲ್ಲ. ಬಾಯಿಗೆ ಬಂದದ್ದು ಬೆಳಗಿನ ಕೀರ್ತನೆ, ಯಥಾಪ್ರಕಾರ ಅದರ ಕೆಳದನಿ. ಮೊದಲ ಸಾಲು ಹಾಡಿ ಉಸಿರೆಳೆದುಕೊಂಡೆ. ಏನೂ ಕೇಳಲಿಲ್ಲ. ಎರಡನೆಯ ಸಾಲು ಹಾಡುತ್ತಿರುವಾಗ, ಮುಗಿದ ಮೇಲಲ್ಲ, ಹಾಡುತ್ತಿರುವಾಗಲೇ, ನನ್ನ ದನಿಯ ಮೇಲೆ ಇನ್ನೊಂದು ದನಿ ಬಂದು ಕೂತಿತು.

ಇಲ್ಲಿ ನಾನು ನಿಧಾನವಾಗಿ ಹೇಳಬೇಕು. ಅದು ಹೆಂಗಸಿನ ದನಿ, ಅಥವಾ ದನಿ ಒಡೆಯದ ಹುಡುಗನದು. ಮಾತುಗಳು ಕೇಳಲಿಲ್ಲ, ಕೇಳಿದ್ದು ರಾಗ ಮಾತ್ರ. ನನ್ನ ಕೆಳದನಿ ಯಾವ ಹಾಡಿನದೋ ಅದೇ ಹಾಡಿನ ರಾಗ. ನನ್ನ ಮಾರ್ದನಿ ಅದಲ್ಲ. ಮಾರ್ದನಿ ನಾನು ಹಾಡಿದ್ದನ್ನೇ ಹಿಂದಕ್ಕೆ ಕೊಡುತ್ತದೆ, ನಾನು ಹಾಡದಿದ್ದುದನ್ನು ಕೊಡುವುದಿಲ್ಲ. ಅದು ನನ್ನ ಹಿಂದಿನಿಂದ, ಎಡಕ್ಕೆ, ಒಂದೇ ಜಾಗದಿಂದ ಬರುತ್ತಿತ್ತು. ಹರಗೋಲು ತಿರುಗಿದಾಗ ಅದು ನನ್ನ ಮುಂದಾಯಿತು, ಆಮೇಲೆ ಬಲಕ್ಕಾಯಿತು. ಅಂದರೆ ದನಿ ನಿಂತಲ್ಲೇ ಇತ್ತು, ತಿರುಗುತ್ತಿದ್ದವರು ನಾವು.

ಹಣಮಂತನಿಗೆ ಅಷ್ಟೇ ಬೇಕಿತ್ತು. "ಸಿಕ್ತು!" ಎಂದು ಕೂಗಿದ. "ಹಾಡ್ರಿ, ಬಿಡಬ್ಯಾಡ್ರಿ!" ಎಂದು ಹುಟ್ಟನ್ನು ನೀರಿಗೆ ಹಾಕಿದ. ನಾನು ಹಾಡಿದೆ. ಕೊನೆಗೆ ಬಂದು ಮತ್ತೆ ಮೊದಲಿನಿಂದ ಹಾಡಿದೆ. ನಾನು ಮೊದಲಿಗೆ ಹೋದಾಗ ಆ ದನಿಯೂ ಮೊದಲಿಗೆ ಬಂತು. ನಾನು ಗಾಬರಿಯಲ್ಲಿ ಲಯ ಬಿಟ್ಟು ಓಡಿದಾಗ ಅದು ಓಡಲಿಲ್ಲ. ನಮ್ಮ ಊರಿನಲ್ಲಿ ಹಾಡುವ ನಿಧಾನದಲ್ಲೇ ಹಾಡಿತು. ನಾನೇ ಅದರ ಹೆಜ್ಜೆಗೆ ಮರಳಿದೆ. ನೀರು ಬೀಳುವ ಸದ್ದು ನಮ್ಮ ಬಲಕ್ಕೆ ಬಂದು, ಹಿಂದಾಗಿ, ಕ್ಷೀಣವಾಯಿತು.

ಒಂದು ಮಾತು ಒಪ್ಪಿಕೊಳ್ಳಬೇಕು. ಮಕ್ಕಳ ಜೀವ ಅಪಾಯದಲ್ಲಿತ್ತು, ನನಗೆ ಭಯವಾಗಬೇಕಿತ್ತು. ಎರಡನೆಯ ಸುತ್ತಿನ ಹೊತ್ತಿಗೆ ಭಯ ಇರಲಿಲ್ಲ. ಪರದೇಶಕ್ಕೆ ಬಂದಂದಿನಿಂದ ಅಡಿಗಲ್ಲು ಮಾತ್ರ ಹಾಕುತ್ತಿದ್ದೆ, ಅದರ ಮೇಲೆ ಆ ದಿನ ಗೋಡೆ ಎದ್ದಿತು. ನಾನು ಎದೆ ಬಿಚ್ಚಿ ಹಾಡಿದೆ. ಅಷ್ಟು ಚೆನ್ನಾಗಿ ಅದಕ್ಕೆ ಮೊದಲೂ ಹಾಡಿಲ್ಲ, ಆಮೇಲೂ ಹಾಡಿಲ್ಲ.

ಹರಗೋಲು ಕಲ್ಲಿಗೆ ತಾಗಿತು. ಭೀಮವ್ವ ಗಂಗಾಳ ಬಾರಿಸಲು ನಿಲ್ಲುವ ಚಪ್ಪಡಿಯೇ ಅದು. ತಾಗಿದ ಗಳಿಗೆಯಲ್ಲೇ ದನಿ ನಿಂತಿತು. ಕೊನೆಯ ಸಾಲಿನ ಅರ್ಧವನ್ನು ನಾನೊಬ್ಬನೇ ಹಾಡಿ ಮುಗಿಸಿದೆ.

ಚಪ್ಪಡಿಯ ಮೇಲೆ ಯಾರೂ ಇರಲಿಲ್ಲ. ಹಣಮಂತ ಕೂಗಿದ: "ಯಾರವ್ವಾ ಅದು? ಬಾಯವ್ವಾ, ಕಾಲಿಗೆ ಬೀಳತೀನಿ!" ಉತ್ತರ ಬರಲಿಲ್ಲ. ಕಲ್ಲಿನ ಮೇಲೆ ಇಬ್ಬನಿ ಕೂತಿತ್ತು; ಅದರಲ್ಲಿ ಹೆಜ್ಜೆ ಮೂಡಿರಲಿಲ್ಲ. ನಮ್ಮ ಮಕ್ಕಳು ಇಳಿಯುವ ಮೊದಲೇ ನಾನು ಅದನ್ನು ನೋಡಿದೆ. ಖಾಸಿಂ ದಂಡೆ ಹತ್ತಿ ಓಡಿ ಒಬ್ಬ ಮುದುಕನನ್ನು ಕರೆತಂದ. ಅವನು ಕುರುಬರ ಬೀರಪ್ಪ, ಜಾಲಿಮರಗಳ ಹಿಂದೆ ಕುರಿ ತರುಬಿ ಬೆಳಗಿನಿಂದ ಅಲ್ಲೇ ಕೂತಿದ್ದ.

"ಇಲ್ಲಿ ಯಾರು ಹಾಡಿದ್ರು ಅಜ್ಜಾ?" ಎಂದು ಹಣಮಂತ ಕೇಳಿದ.

ಬೀರಪ್ಪ ನಮ್ಮನ್ನೆಲ್ಲ ವಿಚಿತ್ರವಾಗಿ ನೋಡಿದ. "ನೀವೇ ಹಾಡಿಕೋತ ಬಂದು ನನಗೇನು ಕೇಳ್ತೀರೋ? ನೀರಾಗಿಂದ ಬಂತಲ್ಲೋ ಹಾಡು. ಒಂದು ದಪ್ಪನ್ದು, ಒಂದು ಸಣ್ಣನ್ದು. ಛಲೋ ಹಾಡಿದ್ರಿ. ಆ ಸಣ್ಣ ದನಿದಾಕಿ ಯಾಕಿ, ಈಕಿ ಏನು?" ಎಂದು ಮಹಾದೇವಿಯ ಕಡೆ ಕೈ ತೋರಿಸಿದ.

ಮಹಾದೇವಿ ಹಾಡಿರಲಿಲ್ಲ. ಅವಳು ನನ್ನ ಮೊಣಕಾಲಿಗೆ ತಾಗಿ ಕೂತಿದ್ದಳು. ಅವಳ ತುಟಿ ಬಿಗಿಯಾಗಿತ್ತು. ಹರಗೋಲಿನಲ್ಲಿದ್ದ ನಮಗೆ ದನಿ ದಂಡೆಯಿಂದ ಬಂತು. ದಂಡೆಯ ಮೇಲಿದ್ದ ಬೀರಪ್ಪನಿಗೆ ಅದೇ ದನಿ ಹೊಳೆಯಿಂದ ಬಂತು. ಇದನ್ನು ನಾನು ಅಂದು ಯೋಚಿಸಲಿಲ್ಲ. ಅಂದು ಹೊತ್ತು ಏರುತ್ತಿತ್ತು, ಸಾಹೇಬರ ಗಾಡಿ ನಮಗಾಗಿ ಕಾಯುವಂಥದ್ದಲ್ಲ. ನಾವು ಓಡಿದೆವು.

ಚಿತ್ತಾಪುರದ ಚಾವಡಿಯಲ್ಲಿ ಸಾಹೇಬರು ಸಾಮಾನು ಕಟ್ಟಿಸುತ್ತಿದ್ದರು. ನಮ್ಮ ಒದ್ದೆ ಬಟ್ಟೆ, ಕೆಸರುಗಾಲು ನೋಡಿ ಕುರ್ಚಿಗೆ ಮರಳಿದರು. ಖಾಸಿಂ ಮೊದಲು ಉರ್ದು ಓದಿದ, ಆಮೇಲೆ ಕನ್ನಡ. ಸಾಹೇಬರು, "ಆಹಿಸ್ತಾ, ಆಹಿಸ್ತಾ," ಎಂದು, ನಿಧಾನಿಸುವಂತೆ, ಕೈ ಎತ್ತಬೇಕಾಯಿತು. ಮಹಾದೇವಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಸರದಿ ಬಂದಾಗ ಬಾಯಿಲೆಕ್ಕ ಕೇಳಿದರು. ಅವರು ಪ್ರಶ್ನೆ ಮುಗಿಸುವ ಮೊದಲು ಉತ್ತರ ಬಂತು. ಇನ್ನೊಂದು ಕೇಳಿದರು, ಅದಕ್ಕೂ ಬಂತು. ಸಾಹೇಬರು ಕಡೆಗೆ ನನ್ನ ಕಡೆ ತಿರುಗಿ, ಈ ಹುಡುಗಿಯನ್ನು ಇಲ್ಲಿಗೇ ನಿಲ್ಲಿಸಬೇಡಿ, ಇವಳ ತಂದೆಗೆ ನಾನು ಹೇಳಿದೆನೆಂದು ಹೇಳಿ, ಎಂದರು. ಅನುಮತಿಯ ಕಾಗದಕ್ಕೆ ಅಲ್ಲೇ ಮೊಹರು ಬಿತ್ತು.

ಮರಳಿ ಬರುವಾಗ ಹೊಳೆಯ ಮೇಲೆ ಚಿನ್ನದಂಥ ಬಿಸಿಲು. ನಮ್ಮ ಕಡೆಯ ದಂಡೆಯಲ್ಲಿ ಊರೇ ನೆರೆದಿತ್ತು. ಮಂಜು ಎದ್ದದ್ದನ್ನು ಕಂಡು ಬೆಳಗಿನಿಂದ ಯಾರೂ ಒಲೆ ಹಚ್ಚಿರಲಿಲ್ಲವಂತೆ. ಖಾಸಿಂ ಕಾಗದವನ್ನು ಬಾವುಟದಂತೆ ಎತ್ತಿ ಹಿಡಿದಿದ್ದ. ಗೌಡರ ತಾಯಿ ಮೊಮ್ಮಗಳ ಕೆನ್ನೆ ಸವರಿ, ನನ್ನನ್ನು ನೋಡಿ, ತಮ್ಮ ಕೈಯ ತಂಬಿಗೆಯನ್ನು ನನಗೆ ಕೊಟ್ಟರು. ಅದು ನನಗೆಂದು ಬೇರೆ ಇಟ್ಟಿದ್ದ ತಂಬಿಗೆಯಲ್ಲ. ನಾನು ಕುಡಿದೆ. ಆ ನೀರಿನ ರುಚಿ ಇನ್ನೂ ನೆನಪಿದೆ.

ಇಷ್ಟಾಗಿಯೂ ನಾನು ಆ ದನಿಯನ್ನು ನಂಬಲಿಲ್ಲ. ಭಯದಲ್ಲಿ ನನ್ನ ತಲೆಯೇ ರಾಗವನ್ನು ತುಂಬಿಕೊಂಡಿತು, ಭಾನುವಾರಗಳಲ್ಲಿ ಮಾಡುತ್ತಿದ್ದೆನಲ್ಲ, ಹಾಗೆ, ಹಣಮಂತನಿಗೆ ಯಾವುದೋ ಹೆಂಗಸಿನ ಕೂಗು ಕೇಳಿರಬೇಕು, ಬೀರಪ್ಪ ಮುದುಕ. ಹೀಗೆ ಬಿಡಿಬಿಡಿಯಾಗಿ ಎಲ್ಲವನ್ನೂ ಅದರದರ ಜಾಗಕ್ಕೆ ಇಟ್ಟು ನೆಮ್ಮದಿಯಾಗಿದ್ದೆ.

ಆ ನೆಮ್ಮದಿ ಕ್ರಿಸ್ಮಸ್ಸಿನವರೆಗೆ ಇತ್ತು. ನನ್ನ ಅಕ್ಕ ಸಲೋಮಿ ಊರಿನಿಂದ ಬಂದಳು, ತಮ್ಮ ಪರದೇಶದಲ್ಲಿ ಏನು ತಿನ್ನುತ್ತಾನೆಂದು ನೋಡಲು. ಬಂದ ಮರುದಿನ ಶಾಲೆಯ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಮಹಾದೇವಿ ಮತ್ತು ಖಾಸಿಂ ಹೊಸ ಪಾಟಿಗಳನ್ನು ಇದ್ದಿಲು ಹಚ್ಚಿ ತಿಕ್ಕುತ್ತಿದ್ದರು. ತಿಕ್ಕುತ್ತ ಏನೋ ಗುನುಗುತ್ತಿದ್ದರು. ಅಕ್ಕ ಕೈ ನಿಲ್ಲಿಸಿ ಕಿವಿಗೊಟ್ಟಳು. ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟಳು.

"ಅಲ್ಲ ಮಾರಾಯ, ನಮ್ಮ ಬೆಳಗಿನ ಕೀರ್ತನೆ ಕಲಿಸಿದ್ದೀ, ಸಂತೋಷ. ನಮ್ಮ ತಪ್ಪನ್ನು ಸಹ ಕಲಿಸಬೇಕಿತ್ತಾ?"

"ಯಾವ ತಪ್ಪು?" ಎಂದೆ.

"ಮೂರನೆಯ ಸಾಲು ಕೇಳು."

ಕೇಳಿದೆ. ಮೂರನೆಯ ಸಾಲಿನ ಕೊನೆಯಲ್ಲಿ ರಾಗ ನೇರವಾಗಿ ಕೆಳಗೆ ಇಳಿಯಬೇಕು. ಪುಸ್ತಕದಲ್ಲಿ ಹಾಗೆಯೇ ಇದೆ, ಬೇರೆ ಊರುಗಳಲ್ಲಿ ಹಾಗೆಯೇ ಹಾಡುತ್ತಾರೆ. ನಮ್ಮ ದೇವಾಲಯದ ಹೆಂಗಸರ ಸಾಲು ಮಾತ್ರ ಅಲ್ಲಿ ಸ್ವಲ್ಪ ಮೇಲಕ್ಕೆ ಹೋಗಿ, ಬಾವಿಯ ಹಗ್ಗ ಕೈಯಲ್ಲಿ ಒಮ್ಮೆ ಜಾರಿದ ಹಾಗೆ ಜಾರಿ ಕೆಳಗೆ ಬರುತ್ತದೆ. ಹಾಡಿನ ಮಾಸ್ಟರು ವಾರವಾರವೂ ಬೈಯುತ್ತಿದ್ದರು. ಹೆಂಗಸರು ತಲೆಯಾಡಿಸಿ ಮುಂದಿನ ಭಾನುವಾರ ಮತ್ತೆ ಹಾಗೆಯೇ ಹಾಡುತ್ತಿದ್ದರು. ಆ ತಪ್ಪು ಭೂಮಿಯ ಮೇಲೆ ಆ ಒಂದು ದೇವಾಲಯದ ಆ ಒಂದು ಸಾಲಿನದು. ಮಹಾದೇವಿ ಮತ್ತು ಖಾಸಿಂ ಅದನ್ನು ಹಾಗೆಯೇ, ಅದೇ ಜಾರಿನೊಂದಿಗೆ, ಪಾಟಿ ತಿಕ್ಕುತ್ತ ಹಾಡುತ್ತಿದ್ದರು.

ನಾನು ಅವರಿಗೆ ರಾಗ ಕಲಿಸಿರಲಿಲ್ಲ. ಕಲಿಸಲು ನನಗೆ ಬಾರದು. ಆ ಊರಿನಲ್ಲಿ ಗ್ರಾಮಫೋನು ಇರಲಿಲ್ಲ. ಇದ್ದರೂ ಆ ತಪ್ಪು ಅದರಲ್ಲಿ ಇರುತ್ತಿರಲಿಲ್ಲ. ಅಕ್ಕ ಬಂದ ಮೇಲೆ ಇನ್ನೂ ಒಂದು ಹಾಡನ್ನೂ ಹಾಡಿರಲಿಲ್ಲ.

"ಈ ಹಾಡು ನಿಮಗೆ ಯಾರು ಕಲಿಸಿದರು?" ಎಂದು ಮಕ್ಕಳನ್ನು ಕೇಳಿದೆ.

ಮಹಾದೇವಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಆವತ್ತು ಹೊಳ್ಯಾಗ ಕೇಳಿದ್ವಲ್ರಿ? ನಿಮ್ಮ ಹಾಡಿನ ಉಳದ ಅರ್ಧಾ. ನಿಮ್ಮ ಊರಿನ ಮಂದಿ ಬಂದು ಹಾಡಿದ್ರು ಅಂತ ತಿಳದೀವಿ ನಾವು. ಅವರಲ್ಲೇನ್ರಿ?"

ಅಕ್ಕ ಮೊರವನ್ನು ಕೆಳಗಿಟ್ಟಳು. ನಾನು ಅವಳಿಗೆ ಹೊಳೆಯ ವಿಷಯ ಬರೆದಿರಲಿಲ್ಲ, ಅಂದು ಹೇಳಿದೆ. ಅವಳು ಊರಿಗೆ ಹೋಗಿ ಹೆಂಗಸರ ಸಾಲಿನ ಒಬ್ಬೊಬ್ಬರನ್ನೂ ಕೇಳಿದಳು. ಆ ದಿನಗಳಲ್ಲಿ ಯಾರೂ ಸತ್ತಿರಲಿಲ್ಲ, ಯಾರಿಗೂ ಕನಸು ಬಿದ್ದಿರಲಿಲ್ಲ, ಯಾರಿಗೂ ನನ್ನ ನೆನಪು ವಿಶೇಷವಾಗಿ ಬಂದಿರಲಿಲ್ಲ. ಎಲ್ಲರೂ ಎಂದಿನಂತೆ ಬೆಳಗಿನ ಕೆಲಸ ಮಾಡಿಕೊಂಡಿದ್ದರು.

ಕೇಳಿದವರೆಲ್ಲ ಒಂದೊಂದು ಹೇಳಿದ್ದಾರೆ. ನಮ್ಮ ದೇವಾಲಯದ ಬೋಧಕರು ದೇವದೂತನೆಂದರು. ಗೌಡರು ಯಾರೋ ಶರಣರು ಎಂದರು. ಹಣಮಂತ ಗಂಗವ್ವ ಎಂದ, ಆ ಚಪ್ಪಡಿಯ ಮೇಲೆ ಕಾಯಿ ಒಡೆದ. ಖಾಸಿಂನ ತಂದೆ, ನೀರಿನಲ್ಲಿ ದಾರಿ ತೋರಿಸುವವರು ಖಿಜರ್ ಸಾಹೇಬರಲ್ಲದೆ ಬೇರೆ ಯಾರು ಎಂದರು. ನಾನು ಯಾರೊಂದಿಗೂ ವಾದ ಮಾಡಲಿಲ್ಲ. ಪ್ರತಿ ದಿನ ಪ್ರಾರ್ಥನೆಯಲ್ಲಿ ಆ ಬೆಳಗಿಗಾಗಿ ಕೃತಜ್ಞತೆ ಸಲ್ಲಿಸುತ್ತೇನೆ. ಆದರೆ ದೇವದೂತನು ನಮ್ಮ ಹೆಂಗಸರ ತಪ್ಪನ್ನು ಯಾಕೆ ಹಾಡಬೇಕು ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ.

ನಾನು ಊರಿಗೆ ಮರಳಲಿಲ್ಲ. ಮಹಾದೇವಿ ಮುಂದೆ ಓದಿದಳು, ತಾನೇ ಶಾಲೆ ನಡೆಸಿದಳು. ಭೀಮವ್ವ ಚಿಂಚೋಳಿಯಿಂದ ಮರಳಿ ಬಂದು, ಗಂಡ ಗುನುಗುವುದನ್ನು ಕೇಳಿ ರಾಗ ಹಿಡಿದಳು. ಆಮೇಲೆ ಮಂಜಿನ ದಿನಗಳಲ್ಲಿ ಅವಳು ಆ ಚಪ್ಪಡಿಯ ಮೇಲೆ ಗಂಗಾಳ ಬಾರಿಸುತ್ತ, ತನ್ನದೇ ಮಾತು ಹಾಕಿ ಆ ರಾಗವನ್ನು ಹಾಡುತ್ತಿದ್ದಳು. ಸೇತುವೆ ಆಗುವ ತನಕ ಕಾಗಿಣಾದ ಆ ದಾಟಿನಲ್ಲಿ ಜನ ನಮ್ಮ ಬೆಳಗಿನ ಕೀರ್ತನೆಯನ್ನು ಕೇಳಿಕೊಂಡೇ ದಡ ಸೇರಿದರು. ದೂರದಲ್ಲಿ ನಿಂತು ನಾನು ಎಷ್ಟೋ ಸಲ ಕೆಳದನಿ ಸೇರಿಸಿದ್ದೇನೆ.

ಹಣಮಂತ ಈಗಿಲ್ಲ. ಬೀರಪ್ಪ ಅದಕ್ಕೂ ಮೊದಲೇ ಹೋದ. ಅಕ್ಕ ಹೋದ ವರ್ಷ ತೀರಿಕೊಂಡಳು. ಆ ಹರಗೋಲಿನಲ್ಲಿದ್ದವರಲ್ಲಿ, ನಾನು ಬಲ್ಲಂತೆ, ನನ್ನನ್ನು ಬಿಟ್ಟು ಇಬ್ಬರು ಇದ್ದಾರೆ. ಖಾಸಿಂ ವಾಡಿಯಲ್ಲಿದ್ದಾನೆ, ರೈಲ್ವೆಯಲ್ಲಿ ದುಡಿದು ನಿವೃತ್ತನಾಗಿ ಜಂಕ್ಷನ್ನಿನ ಹಿಂದೆ ಮನೆ ಕಟ್ಟಿಕೊಂಡಿದ್ದಾನೆ. ಮಹಾದೇವಿ ಚಂದಾಪುರದಲ್ಲಿ ಮಗನ ಮನೆಯಲ್ಲಿದ್ದಾಳೆ. ನನ್ನ ಮಾತನ್ನು ನಂಬಬೇಕಾಗಿಲ್ಲ. ಅವರನ್ನು ಬೇರೆ ಬೇರೆಯಾಗಿ ಕಾಣಿ, ಹೊಳೆಯ ಹಾಡು ಹಾಡಿ ಎನ್ನಿ. ಇಬ್ಬರೂ ಸಂತೋಷದಿಂದ ಹಾಡುತ್ತಾರೆ. ಮೂರನೆಯ ಸಾಲಿನ ಕೊನೆಗೆ ಬಂದಾಗ ಮಾತ್ರ ಸ್ವಲ್ಪ ಗಮನವಿಟ್ಟು ಕೇಳಿ.